ಕಿಡಿ ಹಾರದಂತೆ ತಂಪು ಕೊಡುವ ಸಗೀರಾ

ಬೆಳಗಿನ ಐದೂ ಮುಕ್ಕಾಲು. ಇಂಡಿ ತಾಲ್ಲೂಕಿನ ಒಂದು ಎಥೆನಾಲ್ ಕಾರ್ಖಾನೆಯ ಗೇಟಿನಲ್ಲಿ ಸಗೀರಾ ಮಲಿಕಸಾಬ ಸ್ಟೀಲ್ ಡಬ್ಬಿಯೊಂದನ್ನು ಹಿಡಿದು ನಿಂತಿದ್ದಾರೆ. ತಮ್ಮ ಜೊತೆ ಒಳಗೆ ಬರುವವರೆಲ್ಲ ಅದರಲ್ಲಿ ಜೇಬು ಖಾಲಿ ಮಾಡಬೇಕು. ಮೊಬೈಲು, ಲೈಟರು, ಕಡ್ಡಿಪೆಟ್ಟಿಗೆ ಎಲ್ಲ ಬೀಳುತ್ತವೆ. ಕಾವಲುಗಾರ ಗೊಣಗುತ್ತಲೇ ಬೀಡಿ ಕಟ್ಟು ಹಾಕುತ್ತಾನೆ. ನಾನು ಬಲು ಶಿಸ್ತಿನವಳಂತೆ ಮೊಬೈಲ್ ಹಾಕಿ ಮುಂದೆ ಹೆಜ್ಜೆ ಇಡುತ್ತೇನೆ. ಸಗೀರಾ ಡಬ್ಬಿಯನ್ನು ಇನ್ನೊಮ್ಮೆ ಮುಂದೆ ಹಿಡಿಯುತ್ತಾರೆ. ಕಾರಿನ ರಿಮೋಟ್ ಕೀಲಿ ಕೈಯಲ್ಲೇ ಉಳಿದಿದೆ. ಅದಾದ ಮೇಲೆ ನನ್ನ ಹೊಸ ನೈಲಾನ್ ವೇಲ್ ಮೇಲೆ ಅವರ ಕಣ್ಣು ಬೀಳುತ್ತದೆ. ಅದೂ ಡಬ್ಬಿಗೆ ಹೋಗುತ್ತದೆ, ಬದಲಿಗೆ ತಮ್ಮ ಚೀಲದಿಂದ ಒಗೆದು ಮಡಿಸಿದ ನೂಲಿನ ಓಢಣಿ ತೆಗೆದು ಕೊಡುತ್ತಾರೆ. ನೈಲಾನ್ ಮೈಗೆ ಉಜ್ಜಿದರೂ ಕಿಡಿ ಹುಟ್ಟಬಹುದಂತೆ. ಪತ್ರಕರ್ತೆ ಎಂಬ ನನ್ನ ಜಂಬ ಗೇಟಿನಲ್ಲೇ ಅರ್ಧ ಇಳಿಯುತ್ತದೆ.

ಸಗೀರಾ ಎಸಿ ರಿಪೇರಿ ಮಾಡುತ್ತಾರೆ. ಅದರಲ್ಲೇನು ವಿಶೇಷ, ಎಸಿ ಮೆಕ್ಯಾನಿಕ್‌ಗಳು ಊರಿಗೆ ಹತ್ತು ಜನ ಇದ್ದಾರಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಬಂದಿದ್ದೆ. ಆದರೆ ಇವರು ಕೆಲಸ ಮಾಡುವ ಕೋಣೆಗಳು ಬೇರೆ. ಈ ಪ್ರಯೋಗಾಲಯವನ್ನೇ ನೋಡಿ. ಇಲ್ಲಿಂದ ಮೂವತ್ತು ಹೆಜ್ಜೆಯಲ್ಲಿ ಎಥೆನಾಲ್ ತುಂಬಿದ ದೊಡ್ಡ ಟ್ಯಾಂಕುಗಳಿವೆ. ಟ್ಯಾಂಕರ್ ಹೊರಡುವ ಮುನ್ನ ಮಾದರಿ ತಂದು ಪರೀಕ್ಷೆ ಮಾಡುವುದು ಇದೇ ಕೋಣೆಯಲ್ಲಿ. ಗಾಳಿಯಲ್ಲಿ ಯಾವಾಗ ಎಷ್ಟು ಆವಿ ಸೇರಿರುತ್ತದೆ ಎಂದು ಹೇಳಲಾಗದು. ಮನೆಯಲ್ಲಿ ಸ್ವಿಚ್ ಒತ್ತಿದಾಗ ಒಳಗೆ ಹಾರುವ ಸಣ್ಣ ಕಿಡಿಯೊಂದು ಇಲ್ಲಿ ಹಾರಿದರೆ ಸಾಕು, ಕೋಣೆ ಉಳಿಯುವುದಿಲ್ಲ.

ಹಾಗಾಗಿ ಇಲ್ಲಿಯ ಎಸಿ ನೋಡಲು ಸಾಮಾನ್ಯ ಕಿಟಕಿ ಎಸಿಯಂತಿದ್ದರೂ ಅದರೊಳಗೆ ಕಿಡಿ ಹಾರಬಹುದಾದ ಜಾಗಗಳಿಗೆಲ್ಲ ಭದ್ರವಾದ ಮುಚ್ಚಳವಿದೆ. ಪ್ಲಗ್ ಇಲ್ಲ, ವೈರು ನೇರವಾಗಿ ಕಬ್ಬಿಣದ ಪೆಟ್ಟಿಗೆಗೆ ಹೋಗುತ್ತದೆ. ಆ ಪೆಟ್ಟಿಗೆಗೆ ಹದಿನಾರು ಬೋಲ್ಟು. ಹದಿನೈದು ಬಿಗಿಮಾಡಿ ಒಂದನ್ನು ಮರೆತರೆ ಪೆಟ್ಟಿಗೆ ಇದ್ದೂ ಇಲ್ಲದಂತೆ. ಎಲ್ಲ ಬಿಗಿದರೂ ಆವಿ ನಿಧಾನವಾಗಿ ನುಸುಳಬಹುದು, ಹಾಗಾಗಿ ಒಳಗಿನ ಭಾಗಗಳೂ ಮುಚ್ಚಿದವೇ ಇರಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಇಂಥ ಮೂವತ್ತೊಂದು ಯಂತ್ರಗಳನ್ನು ಸಗೀರಾ ಒಬ್ಬರೇ ನೋಡಿಕೊಳ್ಳುತ್ತಾರೆ. ಅವುಗಳಲ್ಲಿ ಏಳು ಈ ಕಾರ್ಖಾನೆಯಲ್ಲೇ ಇವೆ, ಅವುಗಳ ವರ್ಷದ ಗುತ್ತಿಗೆ ಇವತ್ತು ಹೊಸದಾಗಬೇಕು.

ಇಷ್ಟು ಬೇಗ ಯಾಕೆ ಬರುತ್ತೀರಿ ಎಂದು ಕೇಳುತ್ತೇನೆ.

"ಬಿಸಲ ಏರಿತಂದ್ರ ಟ್ಯಾಂಕ್ ಉಸರಾಡಾಕ ಚಾಲೂ ಮಾಡ್ತೈತ್ರಿ, ಆವಿ ಹೊರಗ ಬರ್ತೈತಿ. ಮುಂಜಾನಿ ಅದು ಮಕ್ಕೊಂಡಿರ್ತೈತಿ. ಅಷ್ಟರಾಗ ನಾ ನನ್ನ ಕೆಲಸ ಮುಗಸಿಬಿಡ್ತೇನಿ."

ಕೋಣೆಯ ಹೊಸ್ತಿಲಲ್ಲಿ ನಿಂತು ಆವಿ ಅಳೆಯುವ ಮೀಟರನ್ನು ನೆಲದ ಹತ್ತಿರ, ಕಿಟಕಿಯ ಹತ್ತಿರ, ಮೂಲೆಗಳಲ್ಲಿ ಹಿಡಿದು ನೋಡುತ್ತಾರೆ. ಸೊನ್ನೆ ತೋರಿಸಿದ ಮೇಲೆ ದೂರದ ಮೇನ್ ಬೋರ್ಡಿಗೆ ಹೋಗಿ ಕರೆಂಟ್ ತೆಗೆಯುತ್ತಾರೆ. ಫ್ಯೂಜನ್ನು ಕಿತ್ತು ತಮ್ಮ ಕೋಟಿನ ಕಿಸೆಗೆ ಹಾಕಿ ಗುಂಡಿ ಹಚ್ಚುತ್ತಾರೆ. ಫ್ಯೂಜ್ ತಮ್ಮ ಕಿಸೆಯಲ್ಲಿದ್ದರೆ ಯಾರೂ ಮರೆತು ಬಟನ್ ಒತ್ತುವಂತಿಲ್ಲ ಎಂಬುದು ಅವರ ಲೆಕ್ಕ. ಕರೆಂಟ್ ತೆಗೆದ ಮೇಲೂ ಎಸಿಯ ಕೆಪಾಸಿಟರ್‌ನಲ್ಲಿ ಸ್ವಲ್ಪ ಉಳಿದಿರುತ್ತದೆ. ಬಜಾರಿನ ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರ್ ಅಡ್ಡ ಹಿಡಿದು 'ಟಪ್' ಅನಿಸಿ ಅದನ್ನು ಖಾಲಿ ಮಾಡುತ್ತಾರೆ. ಆ 'ಟಪ್' ಇಲ್ಲಿ ನಡೆಯುವುದಿಲ್ಲ. ಸಗೀರಾ ಅದನ್ನು ತಾನಾಗಿ ಇಳಿಯಲು ಬಿಟ್ಟು, ಪೂರ್ತಿ ಇಳಿದಿದೆಯೇ ಎಂದು ಕರೆಂಟ್ ಅಳೆಯುವ ಮೀಟರಿನಲ್ಲಿ ನೋಡಿಕೊಂಡು, ಆಮೇಲೆ ಕೈ ಹಾಕುತ್ತಾರೆ. ಬೆಂಕಿ ಹಚ್ಚಿ ಬೆಸುಗೆ ಹಾಕುವ ಕೆಲಸವಿದ್ದರೆ ಇಡೀ ಯಂತ್ರವನ್ನು ಬಿಚ್ಚಿ ಟೆಂಪೋದಲ್ಲಿ ಸಿಂದಗಿಗೆ ಒಯ್ಯುತ್ತಾರೆ. ಮನೆಯ ಎಸಿಗೆ ಒಂದು ತಾಸು ಸಾಕಾದರೆ ಇದಕ್ಕೆ ಮೂರು ತಾಸು ಹಿಡಿಯುತ್ತದೆ.

ಸಗೀರಾ ಅವರಿಗೆ ಈಗ ನಲವತ್ಮೂರು. ಸಿಂದಗಿಯಲ್ಲಿ ತಂದೆ ಮಲಿಕಸಾಬರದು ಮೋಟಾರ್ ಕಾಯಿಲ್ ಸುತ್ತುವ ಅಂಗಡಿ. ರೈತರು ಸುಟ್ಟ ಪಂಪ್ ಮೋಟಾರ್ ತಂದು ಹಾಕಿ ಹೋಗುತ್ತಿದ್ದರು. ಮನೆಯ ಪಡಸಾಲೆಯಲ್ಲಿ ತಾಯಿ ಇಮಾಮಬಿ ಮತ್ತು ಮಗಳು ತಂತಿ ಸುತ್ತುತ್ತಿದ್ದರು. ಸಗೀರಾ ಪಿಯುಸಿಯಲ್ಲಿದ್ದಾಗ ತಂದೆಯ ಕಣ್ಣು ಮಂಜಾಯಿತು. ಕಾಲೇಜು ಬಿಟ್ಟು ಅಂಗಡಿಯಲ್ಲಿ ಕೂತರು. ಎರಡು ವರ್ಷ ಬಂದವರೆಲ್ಲ ಇವರ ತಲೆಯ ಮೇಲಿಂದ ಒಳಗೆ ಇಣುಕಿ, ಅಪ್ಪ ಎಲ್ಲಿ ಎಂದೇ ಕೇಳುತ್ತಿದ್ದರಂತೆ. ಮೋಟಾರಿನಿಂದ ಫ್ರಿಜ್‌ಗೆ, ಫ್ರಿಜ್‌ನಿಂದ ಎಸಿಗೆ ಬಂದರು. ಹನ್ನೊಂದು ವರ್ಷದ ಹಿಂದೆ ಸೊಲ್ಲಾಪುರದಲ್ಲಿ ಈ ಅಪಾಯದ ಜಾಗಗಳ ಎಸಿಗಳಿಗಾಗಿ ಮೂರು ವಾರದ ತರಬೇತಿ ನಡೆಯಿತು. ಇಪ್ಪತ್ತೆರಡು ಜನರಲ್ಲಿ ಇವರೊಬ್ಬರೇ ಹೆಂಗಸು. ಜೊತೆಗೆ ಕಲಿತ ಈ ಕಡೆಯ ಇಬ್ಬರು, ಇಷ್ಟು ನಿಧಾನದ ಕೆಲಸ ತಮಗೆ ಒಗ್ಗುವುದಿಲ್ಲ ಎಂದು ಬಿಟ್ಟುಬಿಟ್ಟರು.

ಹದಿನಾಲ್ಕು ಕಿಲೋ ತೂಗುವ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲೇ ಓಡಾಟ. ಒಂದು ದಿನ ಸಿಂದಗಿಯ ಹತ್ತಿ ಮಿಲ್ಲು, ಮರುದಿನ ನಾಲತವಾಡದ ಕಡೆಯ ಸ್ಪಿರಿಟ್ ಗೋಡೌನು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ದಿನಕ್ಕೆ ಎರಡು ಕಡೆ. ಎಷ್ಟೋ ಕಾರ್ಖಾನೆಗಳಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ನೀರು ಕುಡಿಯದೆ ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದ ದಿನಗಳನ್ನು ಅವರು ಸಿಟ್ಟಿನಿಂದಲೇ ಹೇಳುತ್ತಾರೆ. ಕೇಳುವ ನನಗೂ ಸಿಟ್ಟು ಬರುತ್ತದೆ.

ತಪ್ಪು ಮಾಡಿಲ್ಲವೇ ಎಂದರೆ, ಮಾಡಿದ್ದೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಈ ಕೆಲಸ ಹಿಡಿದ ಎರಡನೇ ವರ್ಷ, ಬಸವನ ಬಾಗೇವಾಡಿಯ ಒಂದು ಥಿನ್ನರ್ ಗೋಡೌನು. ಕಂಪ್ರೆಸರ್ ಚಾಲೂ ಮಾಡುವ ರಿಲೇ ಸುಟ್ಟಿತ್ತು. ಕಿಡಿ ಹೊರಬರದಂತೆ ಮುಚ್ಚಿದ ರಿಲೇ ಬರಲು ವಾರ ಬೇಕು, ಮಾಲೀಕ ಜೀವ ಹಿಂಡುತ್ತಿದ್ದ. ಬಜಾರಿನ ಸಾದಾ ರಿಲೇ ಹಾಕಿದರು. ಎಸಿ ಓಡಿತು, ಮಾಲೀಕ ಲಸ್ಸಿ ತರಿಸಿ ಕೊಟ್ಟ. ವಾಪಸು ಬರುವಾಗ ಹೂವಿನ ಹಿಪ್ಪರಗಿಯ ಹತ್ತಿರ ಬಸ್ಸಿನ ಹಾರ್ನ್ ಕೇಳುತ್ತಲೇ, ಅದನ್ನು ಬಾರಿಸುವುದೂ ಕಿಡಿ ಹಾರುವ ಇಂಥದೇ ಸಾದಾ ರಿಲೇ ಎಂದು ನೆನಪಾಗಿ ತಾವು ಮಾಡಿದ್ದು ಹೊಳೆಯಿತಂತೆ. ಫೋನ್ ಎತ್ತುವವರಿಲ್ಲ. ಅಲ್ಲೇ ಇಳಿದು ಕಲ್ಲಂಗಡಿ ತುಂಬಿದ ಟೆಂಪೋ ಹತ್ತಿ ಹಿಂದಕ್ಕೆ ಹೋಗಿ ರಿಲೇ ಕಿತ್ತರು. ಓಡುತ್ತಿದ್ದ ಎಸಿ ನಿಲ್ಲಿಸಿದ್ದಕ್ಕೆ ಮಾಲೀಕ ಬಾಯಿಗೆ ಬಂದಂತೆ ಬೈದ. ಆ ದಿನ ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದೇ ಇವತ್ತಿಗೂ ತಮ್ಮನ್ನು ಹೆದರಿಸುತ್ತದೆ ಎನ್ನುತ್ತಾರೆ.

ಈ ಮಾತು ಮುಗಿಯುವಷ್ಟರಲ್ಲಿ ಪ್ರಯೋಗಾಲಯದ ಪೆಟ್ಟಿಗೆಯ ಹದಿನಾರನೇ ಬೋಲ್ಟು ಬಿಚ್ಚಿಯಾಗಿದೆ. ಸಗೀರಾ ಮುಚ್ಚಳ ತೆಗೆಯುತ್ತಾರೆ. ಒಳಗೆ ಕಪ್ಪು ಟೇಪು ಸುತ್ತಿದ ಸಾದಾ ರಿಲೇ ಕೂತಿದೆ. ಇದನ್ನು ಅವರು ಹಾಕಿದ್ದಲ್ಲ. ಹಿಂದಿನ ಸಲ ಅವರು ಹಾಕಿದ್ದ ಮುಚ್ಚಿದ ರಿಲೇ ಸುಟ್ಟು ಮೂಲೆಯಲ್ಲಿ ಬಿದ್ದಿದೆ.

ಪಾಳಿಯ ಮ್ಯಾನೇಜರ್ ಮುತ್ತುರಾಜ ಬರುತ್ತಾರೆ. ಎಸಿ ಕೆಟ್ಟಿತ್ತು, ನಮ್ಮವರೇ ಯಾರೋ ಸರಿ ಮಾಡಿದ್ದಾರೆ, ನಾಲ್ಕು ದಿನದಿಂದ ಚೆನ್ನಾಗಿ ಓಡುತ್ತಿದೆ, ನಿಮ್ಮನ್ನು ಕರೆಸಿದ್ದು ತೊಳೆಯಲಿಕ್ಕೆ ಎನ್ನುತ್ತಾರೆ. ಹೊರಗೆ ಮೂರು ಟ್ಯಾಂಕರ್ ಸಾಲುಗಟ್ಟಿವೆ. ಈ ಸೆಕೆಯಲ್ಲಿ ಎಸಿ ಇಲ್ಲದೆ ಪರೀಕ್ಷೆಯ ಅಂಕಿ ಸರಿಯಾಗಿ ಬರುವುದಿಲ್ಲ, ಅಂಕಿ ಬಾರದೆ ಟ್ಯಾಂಕರ್ ಹೊರಡುವುದಿಲ್ಲ. ಸರಿಯಾದ ರಿಲೇ ಬರುವವರೆಗೆ ಇದನ್ನೇ ಮತ್ತೆ ಕೂರಿಸಿ ಎಂದು ಅವರು ಮೊದಲು ಕೇಳಿಕೊಳ್ಳುತ್ತಾರೆ. ಆಮೇಲೆ ದನಿ ಬದಲಾಗುತ್ತದೆ. ಗುತ್ತಿಗೆಯ ಕಾಗದ ತಮ್ಮ ಮೇಜಿನ ಮೇಲಿದೆ, ಇನ್ನೂ ಸಹಿ ಆಗಿಲ್ಲ ಎಂದು ನೆನಪಿಸುತ್ತಾರೆ.

ಸಗೀರಾ ರಿಲೇಯನ್ನು ಅಂಗೈ ಮೇಲೆ ಇಟ್ಟುಕೊಂಡು ತೋರಿಸುತ್ತಾರೆ.

"ನಾಕ ದಿನ ಏನೂ ಆಗಿಲ್ಲಂದ್ರ, ಇದರಾಗ ಕಿಡಿ ಹಾರಿದಾಗ ಆವಿ ಇರಲಿಲ್ಲ ಅಂತ ಅರ್ಥರಿ ಸಾಹೇಬ್ರ. ಐದನೇ ದಿನದ ಮಾತ ನಾ ಕೊಡಾಂಗಿಲ್ರಿ. ಗುತ್ತಿಗಿ ಬ್ಯಾರೇದವರಿಗಿ ಕೊಡ್ರಿ, ಆದ್ರ ಇದನ್ನ ನಾ ಮತ್ತ ಕುಂದರಸಾಂಗಿಲ್ಲ."

ಕೋಣೆಯ ಪುಸ್ತಕದಲ್ಲಿ 'ಈ ಎಸಿ ಚಾಲೂ ಮಾಡಬಾರದು' ಎಂದು ದೊಡ್ಡಕ್ಷರದಲ್ಲಿ ಬರೆದು ಸಹಿ ಹಾಕುತ್ತಾರೆ. ಮುತ್ತುರಾಜ ಸಹಿ ಹಾಕುವುದಿಲ್ಲ, ಮುಖ ಗಂಟು ಹಾಕಿಕೊಂಡು ಹೊರಟುಹೋಗುತ್ತಾರೆ. ಸಗೀರಾ ವೈರುಗಳನ್ನೇ ಬೇರ್ಪಡಿಸಿ, ಹದಿನಾರೂ ಬೋಲ್ಟು ಬಿಗಿದು, ಕಿತ್ತ ರಿಲೇಯನ್ನೂ ಹಾಕಿಕೊಂಡು ಚೀಲ ಕಟ್ಟುತ್ತಾರೆ. ಮೂವತ್ತೊಂದರಲ್ಲಿ ಏಳು ಹೋದರೆ ದೊಡ್ಡ ಹೊಡೆತವೇ. ಆದರೂ ಅವರು ಚೀಲ ಹೆಗಲಿಗೇರಿಸಿ ಗೇಟಿನ ಕಡೆ ನಡೆಯುತ್ತಾರೆ.

ಗೇಟಿನಿಂದ ಅರ್ಧ ಕಿಲೋಮೀಟರ್ ದೂರದ ಚಹಾ ಅಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿರುವಾಗ ಬೈಕೊಂದು ಬಂದು ನಿಲ್ಲುತ್ತದೆ. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಭೀಮು, ಇಪ್ಪತ್ತೆಂಟರ ಆಸುಪಾಸಿನವನು. ರಿಲೇ ಹಾಕಿದ್ದು ತಾನೇ ಎಂದು ಒಪ್ಪಿಕೊಳ್ಳುತ್ತಾನೆ. ತನ್ನ ಹೆಸರು ಬರೆದಿದ್ದೀರಾ ಎಂಬ ಭಯ ಒಂದು ಕಡೆ, ಚೆನ್ನಾಗಿ ಓಡುತ್ತಿದ್ದುದನ್ನು ಕಿತ್ತಿರಲ್ಲ ಎಂಬ ಸಿಟ್ಟು ಇನ್ನೊಂದು ಕಡೆ.

ಸಗೀರಾ ಬೈಯುವುದಿಲ್ಲ. ಅವನ ಬೈಕಿನ ಹಾರ್ನಿನ ವೈರು ಬಿಚ್ಚಿಸಿ, ನಡುವೆ ಆ ಸಾದಾ ರಿಲೇ ಜೋಡಿಸುತ್ತಾರೆ. ಅದರ ಮೇಲಿನ ಮುಚ್ಚಳ ತೆಗೆದು, ಒಳಗಿನ ಸಣ್ಣ ತಗಡನ್ನು ಕಡ್ಡಿಯಿಂದ ಒತ್ತಿ ಬಿಡುತ್ತಾರೆ. ಹಾರ್ನ್ ಬಡಿದುಕೊಳ್ಳುತ್ತದೆ, ಚಹಾ ಅಂಗಡಿಯವನು ತಲೆ ಹೊರಹಾಕಿ ಗದರುತ್ತಾನೆ. ಅಂಗೈ ಅಡ್ಡ ಹಿಡಿದು ನೆರಳು ಮಾಡಿ ನೋಡು ಎನ್ನುತ್ತಾರೆ. ತಗಡು ಬಿಟ್ಟ ಪ್ರತಿ ಸಲವೂ ಸಾಸಿವೆಯಷ್ಟು ನೀಲಿ ಬೆಳಕು.

"ಇಷ್ಟ ಕಿಡಿ ಸಾಕೇನ್ರಿ ಅಕ್ಕಾರ?" ಭೀಮು ಕೇಳುತ್ತಾನೆ.

"ಇದರ ಅರ್ಧ ಸಾಕು ತಮ್ಮಾ."

ಅವನು ಬೆಂಚಿನ ಮೇಲೆ ಕೂತುಬಿಡುತ್ತಾನೆ. "ಆ ಕೋಣಿಯಾಗ ದಿನಾ ಕುಂದರಾಕಿ ಸುನೀತಾ, ನನ್ನ ಹೆಣ್ತಿರಿ. ಝಳಕ್ಕ ಎರಡ ಸಲ ತಲಿ ತಿರಗಿ ಬಿದ್ದಿದ್ಲು. ಆಕಿಗಿ ತಂಪ ಇರಲಿ ಅಂತ ಹಾಕಿದ್ನಿರಿ."

ಸುನೀತಾ ಪ್ರಯೋಗಾಲಯದ ಸಹಾಯಕಿ. ಎಂಟರಿಂದ ಸಂಜೆಯವರೆಗೆ, ಬಾಗಿಲು ಹಾಕಿದ ಆ ಕೋಣೆಯಲ್ಲಿ, ಆ ಎಸಿಯ ಎದುರಿಗೇ ಅವಳ ಕುರ್ಚಿ. ನಾಲ್ಕು ದಿನ ಅವಳೆದುರಿನ ಪೆಟ್ಟಿಗೆಯಲ್ಲಿ ಈ ನೀಲಿ ಬೆಳಕು ಎಷ್ಟು ಸಲ ಹಾರಿರಬಹುದು ಎಂದು ಲೆಕ್ಕ ಹಾಕಲು ಹೋಗಿ ನಡುವೆಯೇ ಬಿಟ್ಟುಬಿಡುತ್ತೇನೆ. ಪ್ರೀತಿಯಿಂದ ಮಾಡಿದ ಕೆಲಸ ಅದು, ಹಾಗಾಗಿಯೇ ಅದರ ಅಪಾಯ ಅವನಿಗೆ ಕಂಡಿರಲಿಲ್ಲ. ಭೀಮು ಚಹಾವನ್ನು ಹಾಗೇ ಬಿಟ್ಟು ಎದ್ದ. ಕಾರ್ಖಾನೆಗೆ ಹೋಗಿ ಮುತ್ತುರಾಜರ ಎದುರು ನಿಂತು, ತಾನೇ ಹಾಕಿದ್ದು, ತಪ್ಪು ತನ್ನದು ಎಂದನಂತೆ. ಆ ರಿಲೇಯ ಕಿಡಿಯನ್ನು ಅವರಿಗೂ ಗೇಟಿನ ಹೊರಗೆ ತೋರಿಸಿದನಂತೆ. ಪರೀಕ್ಷೆಯ ಮೇಜು ಅವತ್ತೇ ಟ್ಯಾಂಕುಗಳಿಂದ ದೂರದ, ಸಾದಾ ಎಸಿ ಇರುವ ಆಫೀಸು ಕಟ್ಟಡಕ್ಕೆ ಹೋಯಿತು. ಟ್ಯಾಂಕರ್‌ಗಳು ಮಧ್ಯಾಹ್ನದವರೆಗೆ ಕಾದವು, ಅದರಿಂದ ಯಾವ ಪ್ರಳಯವೂ ಆಗಲಿಲ್ಲ.

ಹನ್ನೊಂದು ದಿನದ ಮೇಲೆ ಸರಿಯಾದ ರಿಲೇ ಬರುತ್ತದೆ. ಕರೆ ಮಾಡಿದವರು ಸ್ವತಃ ಮುತ್ತುರಾಜ. ನಾನೂ ಮತ್ತೆ ಹೋಗುತ್ತೇನೆ, ಈ ಸಲ ಮೈಮೇಲೆಲ್ಲ ನೂಲಿನ ಬಟ್ಟೆ. ಸಗೀರಾ ಬೋಲ್ಟು ಬಿಗಿಯುತ್ತಾರೆ, ಭೀಮು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಎಣಿಸುತ್ತಾನೆ. ಒಂದಿಡೀ ಪಾಳಿ ಓಡಿಸಿ ನೋಡದೆ ಸಗೀರಾ ಯಂತ್ರವನ್ನು ಒಪ್ಪಿಸುವುದಿಲ್ಲ, ಹಾಗಾಗಿ ಸಂಜೆಯವರೆಗೂ ಅಲ್ಲೇ ಉಳಿಯುತ್ತಾರೆ. ಮುತ್ತುರಾಜ ಪುಸ್ತಕಕ್ಕೂ ಗುತ್ತಿಗೆಗೂ ಸಹಿ ಹಾಕುತ್ತಾರೆ. ಇನ್ನೇನಾದರೂ ಬೇಕೇ ಎಂದು ಅವರು ಕೇಳಿದಾಗ ಸಗೀರಾ ಒಂದೇ ಮಾತು ಮುಂದಿಡುತ್ತಾರೆ: ಭೀಮುನನ್ನು ಸೊಲ್ಲಾಪುರದ ತರಬೇತಿಗೆ ಕಳಿಸಿ. ಮೂವತ್ತೊಂದು ಯಂತ್ರಕ್ಕೆ ತಾನೊಬ್ಬಳೇ ಇರುವುದು ಒಳ್ಳೆಯದಲ್ಲ, ತಾಲ್ಲೂಕಿಗೆ ಒಬ್ಬರಾದರೂ ಕಲಿತವರು ಬೇಕು ಎಂಬುದು ಅವರ ಬಹುದಿನದ ಆಸೆ. ಮುತ್ತುರಾಜ ಒಪ್ಪುತ್ತಾರೆ. ಭೀಮು ನೆಲ ನೋಡುತ್ತ ನಗುತ್ತಾನೆ.

ಸಂಜೆ ಐದೂವರೆ. ಪಾಳಿ ಮುಗಿದ ಗಂಟೆ ಹೊಡೆಯುತ್ತದೆ. ಸಾಲೋಟಗಿ ಕಡೆಯ ಬಸ್ಸು ಗೇಟಿನ ಮುಂದೆ ನಿಂತಿದೆ. ಅಷ್ಟು ಹೊತ್ತೂ ನಾನು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆ: ನಿಮ್ಮ ಕೆಲಸ ಚೆನ್ನಾಗಿ ಆಗಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಸಗೀರಾ ತಮ್ಮ ಪಾನಾ, ಪಕ್ಕಡದಂಥ ಉಪಕರಣಗಳನ್ನು ಒರೆಸಿಡುತ್ತಲೇ ಇದ್ದರು. ಈಗ ತಲೆ ಎತ್ತಿ ಬಸ್ಸಿನ ಕಡೆ ತೋರಿಸುತ್ತಾರೆ. ಊಟದ ಡಬ್ಬಿಯ ಚೀಲ ಹಿಡಿದ ಸುನೀತಾ, ಬಾಗಿಲಲ್ಲಿ ನೂಕುತ್ತಿರುವ ಹೆಂಗಸರ ಜೊತೆ ಜಗಳಾಡುತ್ತ ಹತ್ತುತ್ತಿದ್ದಾಳೆ.

"ನೋಡ್ರಿ," ಎನ್ನುತ್ತಾರೆ ಸಗೀರಾ. "ಮನಿಗಿ ಹೊಂಟಾಳ."