ನಾಲ್ವರಿಲ್ಲದೆ ಗೇಟು ಬೀಳುವುದಿಲ್ಲ

ಗೋಣಿಬೀಡಿನ ಬಸ್‌ಸ್ಟ್ಯಾಂಡ್ ಎದುರು ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಧರ್ಮೇಶನಿಗೆ ನಲವತ್ಮೂರು ವರ್ಷ. ಎಡಭುಜದ ಮೂಳೆಗೆ ಸ್ಟೀಲ್ ಪ್ಲೇಟು ಹಾಕಿದ್ದಾರೆ. ಹಠ ಮಾತ್ರ ಹುಟ್ಟಿನಿಂದ ಬಂದದ್ದು, ಅದಕ್ಕೆ ಯಾವ ಡಾಕ್ಟರ ಬಳಿಯೂ ಮದ್ದಿರಲಿಲ್ಲ.

ಆ ಹಠವೆಲ್ಲ ಒಂದೇ ಓಟದ ಮೇಲೆ. ಫೋರ್‌ಕ್ರಾಸ್ ಎಂದು ಅದರ ಹೆಸರು. ಗುಡ್ಡದ ತುದಿಯಲ್ಲಿ ನಾಲ್ವರು ಸೈಕಲ್ ಸವಾರರು ಒಂದೇ ಗೇಟಿನ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಗೇಟು ಬಿದ್ದ ಕೂಡಲೇ ಭುಜಕ್ಕೆ ಭುಜ ತಾಗಿಸಿಕೊಂಡು ಒಟ್ಟಿಗೆ ಕೆಳಗಿಳಿಯುತ್ತಾರೆ. ಹರೆಯದಲ್ಲಿ ಧರ್ಮೇಶ ಮತ್ತು ಅವನ ಗೆಳೆಯ ವೀರೇಂದ್ರ ಈ ಗುಡ್ಡಗಳಲ್ಲಿ ಹಾಗೆ ಇಳಿದಿದ್ದರು, ಬಿದ್ದಿದ್ದರು, ಗೆದ್ದಿದ್ದರು. ಹನ್ನೆರಡು ವರ್ಷದ ಹಿಂದೆ ದೊಡ್ಡ ಪಂದ್ಯಗಳ ಪಟ್ಟಿಯಿಂದಲೇ ಅದನ್ನು ತೆಗೆದುಹಾಕಿದರು. ಟ್ರ್ಯಾಕ್ ಮಾಡುವುದು ಕಷ್ಟ, ಮೂಳೆ ಮುರಿಯುವುದು ಸುಲಭ ಎಂದರು. ಈಗ ಎಲ್ಲ ಕಡೆ ಒಬ್ಬೊಬ್ಬರೇ ಇಳಿದು ಗಡಿಯಾರದ ಜೊತೆ ಜಿದ್ದಿಗೆ ಬೀಳುವ ಡೌನ್‌ಹಿಲ್. ವೀರೇಂದ್ರನೂ ಕೊಟ್ಟಿಗೆಹಾರದಲ್ಲಿ ಅದನ್ನೇ ನಡೆಸುತ್ತಾನೆ. ಗಡಿಯಾರಕ್ಕೇನು ಮೊಣಕೈ ಇದೆಯೇ ಎಂಬುದು ಧರ್ಮೇಶನ ತಕರಾರು.

ಈ ವರ್ಷ ಎಸ್ಟೇಟಿನ ದೇವರಾಜ ಗೌಡರು ಬೋರರ್ ಹುಳ ತಿಂದ ಕಾಫಿ ಗಿಡಗಳನ್ನು ಕೀಳಿಸಿ, ಬರಿದಾದ ಇಳಿಜಾರನ್ನು ಅವನಿಗೆ ಬಿಟ್ಟುಕೊಟ್ಟರು. ಜೂನ್‌ನಲ್ಲಿ ಹೊಸ ಸಸಿ ನೆಡುವವರೆಗೆ ಮಾತ್ರ. ಅಷ್ಟರೊಳಗೆ ಒಂದು ಫೋರ್‌ಕ್ರಾಸ್ ನಡೆಸದಿದ್ದರೆ ಇನ್ನೆಂದೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಸೈಕಲ್ ಹಾರಿಸಲು ದಿಬ್ಬ ಬರಬೇಕಾದ ಕಡೆಯೆಲ್ಲ ಅಡ್ಡಕ್ಕೆ ಸುಣ್ಣದ ಗೆರೆ ಎಳೆದ. ಕೆಲಸವನ್ನು ತೋಟದ ಮೇಸ್ತ್ರಿ ತಮ್ಮಯ್ಯನಿಗೆ ಒಪ್ಪಿಸಿ, ಗೇಟಿಗೆ ಸ್ಪ್ರಿಂಗ್ ಮಾಡಿಸಲು ಚಿಕ್ಕಮಗಳೂರಿಗೆ ಹೋದ.

ಎರಡು ದಿನ ಬಿಟ್ಟು ಬಂದು ನೋಡಿದರೆ ಟ್ರ್ಯಾಕಿನ ತುಂಬ ಹನ್ನೊಂದು ಗುಂಡಿ. ತೋಟದ ಇಳಿಜಾರಿಗೆ ಅಡ್ಡವಾಗಿ ಸುಣ್ಣ ಬಿತ್ತೆಂದರೆ ಅಲ್ಲಿ ಮಳೆನೀರು ನಿಲ್ಲಲು ತೊಟ್ಟಿಲುಗುಂಡಿ ತೆಗೆಯಬೇಕು, ತೆಗೆದ ಮಣ್ಣನ್ನು ಕೆಳಬದಿಗೆ ಏರಿ ಹಾಕಬೇಕು. ಮೂವತ್ತು ವರ್ಷದಿಂದ ತಮ್ಮಯ್ಯ ಮಾಡಿದ್ದು ಅದನ್ನೇ. ಧರ್ಮೇಶ ಬಾಯಿಗೆ ಬಂದಂತೆ ಬೈದು, ತಲೆಯ ಮೇಲೆ ಕೈಹೊತ್ತು ಕೂತ.

ತಮ್ಮಯ್ಯ ಎಲೆಅಡಿಕೆ ಉಗಿದು, "ಸುಣ್ಣ ಹಾಕಿದ್ದು ನೀನೇ ಅಲ್ವಾ ಮಾರಾಯ?" ಎಂದ.

ಮಾರನೆಯ ಬೆಳಿಗ್ಗೆ ಧರ್ಮೇಶ ಸಿಟ್ಟಿನಲ್ಲೇ ಸೈಕಲ್ ಹತ್ತಿ ಮೊದಲ ಗುಂಡಿಗೆ ನುಗ್ಗಿದ. ಗುಂಡಿ ಅವನನ್ನು ಒಳಗೆಳೆದುಕೊಂಡಿತು, ಕೆಳಗಿನ ಏರಿ ಎತ್ತಿ ಗಾಳಿಗೆಸೆಯಿತು. ಆರನೆಯದರಲ್ಲಿ ಬಿದ್ದ. ಎದ್ದು ಮಣ್ಣು ಕೊಡವಿಕೊಂಡು ಒಬ್ಬನೇ ನಕ್ಕ. ಇಷ್ಟು ಒಳ್ಳೆಯ ಟ್ರ್ಯಾಕ್ ಅವನ ತಲೆಯಲ್ಲೂ ಇರಲಿಲ್ಲ. ನಾಚಿಕೆ ಬಿಟ್ಟು ತಮ್ಮಯ್ಯನ ಮನೆಗೆ ಹೋಗಿ, ಅಂಚುಗಳನ್ನು ಸವರಿ ಗುಂಡಿಗಳನ್ನು ನಾಲ್ವರಿಗೆ ಆಗುವಷ್ಟು ಅಗಲ ಮಾಡಿಕೊಡಬೇಕೆಂದು ಕೇಳಿಕೊಂಡ.

ಓಟದ ಭಾನುವಾರ ವೀರೇಂದ್ರ ತನ್ನ ಸವಾರರಲ್ಲಿ ನಾಲ್ವರನ್ನು ಕರೆತರುವುದಾಗಿ ಒಪ್ಪಿದ್ದ. ಬಂದವರು ಕೃತಿಕಾ, ತನ್ಮಯ್, ಕಲ್ಲೇಶ್, ಮೂವರೇ. ಇನ್ನೊಬ್ಬ ಗುಂಡಿಗಳ ವಿಡಿಯೋ ನೋಡಿ ಹಿಂದೆ ಸರಿದಿದ್ದ. ಜನ ಸೇರಿದ್ದಾರೆ, ಒಬ್ಬೊಬ್ಬರನ್ನೇ ಬಿಟ್ಟು ಟೈಮ್ ಹಿಡಿಯೋಣ ಎಂದು ವೀರೇಂದ್ರ ಸಮಾಧಾನದಿಂದಲೇ ಹೇಳಿದ.

"ಒಬ್ಬೊಬ್ರೇ ಇಳಿಯಕ್ಕೆ ಈ ಗುಡ್ಡ ಯಾಕೆ ಬೇಕು? ಎಸ್ಟೇಟ್ ರೋಡೇ ಸಾಕು," ಎಂದು ಧರ್ಮೇಶ ಹೆಲ್ಮೆಟ್ ಹಾಕಿಕೊಂಡು ನಾಲ್ಕನೆಯ ಜಾಗದಲ್ಲಿ ನಿಂತ.

ಗೇಟಿನ ಹಗ್ಗ ಹಿಡಿದಿದ್ದವಳು ಅವನ ಹೆಂಡತಿ ಸುಕನ್ಯಾ. ಅವಳು ತಡೆಯುತ್ತಾಳೆಂದು ಎಲ್ಲರೂ ಅವಳ ಮುಖ ನೋಡಿದರು. ಅವಳಿಗೆ ಹೆದರಿಕೆ ಇಲ್ಲದೆ ಇರಲಿಲ್ಲ.

"ಪ್ಲೇಟು ಮುರಿದ್ರೆ ಆಸ್ಪತ್ರೆಗೆ ನೀವೇ ಸೈಕಲ್ ತುಳ್ಕೊಂಡು ಹೋಗಿ," ಎಂದವಳೇ ಹಗ್ಗ ಎಳೆದಳು.

ಮೊದಲ ತಿರುವಿನಲ್ಲೇ ಮೂವರೂ ಧರ್ಮೇಶನನ್ನು ಹಿಂದೆ ಹಾಕಿದರು. ಕೃತಿಕಾ ಕಲ್ಲೇಶನನ್ನು ಭುಜದಿಂದ ಬದಿಗೊತ್ತಿ ಮುಂದೆ ಹೋಗಿ ಗೆದ್ದಳು. ಧರ್ಮೇಶ ಬೀಳದೆ, ಎಲ್ಲರಿಗಿಂತ ಕೊನೆಗೆ, ಕೆಮ್ಮಣ್ಣು ಬಳಿದುಕೊಂಡು ಬಂದು ಎರಡೂ ಕೈ ಎತ್ತಿದ.

ನಾಲ್ಕನೇ ಬಂದದ್ದಕ್ಕೆ ಇಷ್ಟು ಬೀಗುತ್ತೀಯಲ್ಲ ಎಂದು ವೀರೇಂದ್ರ ಕಿಚಾಯಿಸಿದ.

"ಹನ್ನೆರಡು ವರ್ಷದಿಂದ ಈ ಸೀಮೇಲಿ ಯಾರಾದ್ರೂ ಒಟ್ಟಿಗೆ ಇಳಿದು ನಾಲ್ಕನೇ ಬಂದಿದ್ರೇನೋ?"

ವೀರೇಂದ್ರ ಇಳಿಜಾರನ್ನು ಕೆಳಗಿನಿಂದ ತುದಿಯವರೆಗೆ ನೋಡಿದ. ಆಮೇಲೆ ಧರ್ಮೇಶನ ತಲೆಯಿಂದ ಹೆಲ್ಮೆಟ್ ಬಿಚ್ಚಿಸಿಕೊಂಡು, ಅವನ ಸೈಕಲ್ಲನ್ನೂ ಕಿತ್ತುಕೊಂಡು, ಗೇಟಿನ ಕಡೆಗೆ ಗುಡ್ಡ ಹತ್ತತೊಡಗಿದ.