ಟೆಲಿಫೋನಕ್ಕ ಆಸ್ಪತ್ರೆಯನ್ನು ದಾಟಿಸಿದ ದಿನ

ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿದಾಗ ಅವಳಿಗೆ ನಲವತ್ತಮೂರು ವರ್ಷ. ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ವಾರ್ಡಿನಿಂದ ವಾರ್ಡಿಗೆ, ಡಾಕ್ಟರರಿಂದ ಲ್ಯಾಬಿಗೆ ದನಿಗಳನ್ನು ಜೋಡಿಸಿದವಳು. ಅವಳ ಮುಖ ನೋಡಿದವರು ಕಡಿಮೆ; ದನಿ ಗೊತ್ತಿಲ್ಲದವರು ಆ ಐದು ಅಂತಸ್ತಿನಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರಿಗೂ ಅವಳು ಟೆಲಿಫೋನಕ್ಕ. ಫೋನುಗಳು ತಾವಾಗಿಯೇ ಒಂದನ್ನೊಂದು ಹುಡುಕಿಕೊಳ್ಳಲು ಕಲಿತ ಮೇಲೆ ಅವಳನ್ನು ಎಲ್ಲಿಗೆ ಹಾಕುವುದೆಂದು ಆಡಳಿತದವರು ತಲೆ ಕೆರೆದುಕೊಂಡು, ಕೊನೆಗೆ ಕಂಪ್ಯೂಟರ್ ವಿಭಾಗಕ್ಕೆ ಕಳಿಸಿದರು. ಅಲ್ಲಿ ಬರುವ ದೂರುಗಳನ್ನು ಬರೆದುಕೊಳ್ಳಲು ಒಬ್ಬರು ಬೇಕಿತ್ತು, ಅಷ್ಟೆ.

ವಿಭಾಗದ ಹಿರಿಯ ಇಂಜಿನಿಯರ್ ಎಷ್ಟು ಮೆತ್ತಗೆ ಮಾತಾಡುತ್ತಿದ್ದರೆಂದರೆ ಎದುರಿಗಿದ್ದವರು ಕಿವಿ ಮುಂದೆ ಚಾಚಬೇಕಿತ್ತು. ಅವರಿಗೆ ಮೆಲುದನಿ ಸಾರ್ ಎಂದೇ ಹೆಸರು ಬಿದ್ದಿತ್ತು. ಮೊದಲ ವಾರ ಅವರು ಅವಳನ್ನು ಸರ್ವರ್ ಕೋಣೆಗೆ ಕರೆದುಕೊಂಡು ಹೋದರು. ಮೂಳೆ ಕೊರೆಯುವಂಥ ಚಳಿ, ಕಿವಿ ತುಂಬ ಫ್ಯಾನುಗಳ ಮೊರೆತ. ಕಪಾಟಿನಲ್ಲಿ ಚಪ್ಪಟೆಯಾದ ಐದು ಕಬ್ಬಿಣದ ಪೆಟ್ಟಿಗೆಗಳು.

ಇದರಲ್ಲಿ ಎಷ್ಟು ಕಂಪ್ಯೂಟರ್ ಇವೆ ಎಂದು ಅವರು ಕೇಳಿದರು. ಐದು ಎಂದಳು. ಅರವತ್ತೆರಡು ಎಂದು ಅವರು ನಕ್ಕರು. ಪೆಟ್ಟಿಗೆ ಐದೇ ಆದರೂ ಒಂದೊಂದರೊಳಗೆ ಹನ್ನೆರಡು ಹದಿಮೂರು ಯಂತ್ರಗಳು ಬಿಡಾರ ಹೂಡಿವೆ. ಅವಕ್ಕೆ ಮೈಯಿಲ್ಲ, ಬರೀ ಸಾಫ್ಟ್‌ವೇರು. ಪ್ರತಿಯೊಂದೂ ಇಡೀ ಪೆಟ್ಟಿಗೆ ತನ್ನದೇ ಎಂದುಕೊಂಡಿದೆ. ಪಕ್ಕದಲ್ಲಿ ಇನ್ನೊಂದಿದೆ ಎಂಬ ಸುಳಿವೂ ಅದಕ್ಕಿಲ್ಲ ಎಂದು ವಿವರಿಸಿದರು. ಅವಳು ತಲೆಯೇನೋ ಆಡಿಸಿದಳು. ಆದರೆ ನಂಬಿಕೆ ಬಂದದ್ದು ಆಮೇಲೆ. ಕಿಟಕಿಯಾಚೆ ಹೊರರೋಗಿಗಳ ಸಾಲು ಕಾಣುತ್ತಿತ್ತು, ಗೋಡೆಯ ಮೇಲೆ ಟೋಕನ್ ನಂಬರಿನ ಪರದೆ. ಆ ನಂಬರು ಹಾಕುವ ಯಂತ್ರವನ್ನು ಅವರು ಎರಡನೇ ಪೆಟ್ಟಿಗೆಯಿಂದ ನಾಲ್ಕನೆಯದಕ್ಕೆ ಹೊರಡಿಸಿ, ಪರದೆ ನೋಡುತ್ತಿರಿ ಎಂದರು. ನಲವತ್ತೊಂದು. ನಲವತ್ತೆರಡು. ಒಬ್ಬ ಮುದುಕ ಕೋಲೂರಿ ಎದ್ದ. ನಲವತ್ತಮೂರು.

"ದಾಟಿ ಆಯ್ತು," ಎಂದರು ಮೆಲುದನಿ ಸಾರ್.

ಓಡುತ್ತಿರುವ ಯಂತ್ರವೊಂದು ತನ್ನ ನೆನಪು, ಲೆಕ್ಕ, ಅರ್ಧಕ್ಕೆ ನಿಂತ ಮಾತು ಎಲ್ಲವನ್ನೂ ಹೊತ್ತು ಒಂದು ಮೈ ಬಿಟ್ಟು ಇನ್ನೊಂದನ್ನು ಹೊಕ್ಕಿತ್ತು. ಆ ಮುದುಕನಿಗೆ ಅದರ ಗಾಳಿಯೂ ಸೋಕಿರಲಿಲ್ಲ. ಮನೆಗೆ ಹೋದ ಮೇಲೂ ಅವಳು ಸೌಟು ಹಿಡಿದುಕೊಂಡು ಒಲೆಯ ಮುಂದೆ ಸುಮ್ಮನೆ ನಿಂತದ್ದನ್ನು ಕಂಡು ಗಂಡ ಮೈ ಹುಷಾರಿಲ್ಲವೇನೋ ಎಂದುಕೊಂಡ.

ಆಮೇಲೆ ಕಲಿಯುವ ಹುಚ್ಚು ಹತ್ತಿತು. ಮೆಲುದನಿ ಸಾರ್ ಹೇಳಿದ್ದನ್ನೆಲ್ಲ ಅವಳು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಯಂತ್ರಕ್ಕೆ ಅದು ಮಾಡುವ ಕೆಲಸದ ಹೆಸರನ್ನೇ ಇಡಬೇಕು. ಹಿಂದಿನವರಾರೋ ಗ್ರಹಗಳ ಹೆಸರಿಟ್ಟು ಹೋಗಿದ್ದರು, ಶನಿ ಕೆಟ್ಟಿತು ಅಂದರೆ ಯಾವ ವಾರ್ಡಿಗೆ ಓಡುವುದು? ಯಂತ್ರದ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ತೆಗೆದು ಬ್ಯಾಕಪ್ ಆಯಿತು ಎಂದುಕೊಳ್ಳಬಾರದು. ಕೆಲಸ ಮುಗಿದ ಎರಡು ಮೂರು ದಿನಕ್ಕೆ ಅದನ್ನು ಅಳಿಸಬೇಕು, ಇಲ್ಲದಿದ್ದರೆ ಡಿಸ್ಕನ್ನು ತಿಂದು ತೇಗುತ್ತದೆ. ಬ್ಯಾಕಪ್ಪನ್ನು ತಿಂಗಳಿಗೊಮ್ಮೆ ನಿಜವಾಗಿ ತೆರೆದು ನೋಡಬೇಕು. ಯಾವ ಪೆಟ್ಟಿಗೆಯನ್ನೂ ಕತ್ತಿನವರೆಗೆ ತುಂಬಬಾರದು. ಇಷ್ಟು ಅವರದು. ಅವಳು ತನ್ನ ಬುದ್ಧಿಯಿಂದ ಸೇರಿಸಿದ್ದು ಇನ್ನೊಂದು. ಪ್ರತಿ ಯಂತ್ರಕ್ಕೆ ಒಂದು ಪುಟ. ಅದರಲ್ಲಿ ಇದು ನಿಂತರೆ ಮೊದಲು ಕೂಗುವವರು ಯಾರು, ಅವರನ್ನು ಎಲ್ಲಿ ಹಿಡಿಯಬಹುದು, ಇದಕ್ಕಿಂತ ಮುಂಚೆ ಯಾವುದು ಏಳಬೇಕು. ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷ ಕೂತವಳಿಗೆ ಯಾರು ಯಾರನ್ನು ಕೂಗುತ್ತಾರೆ ಎಂಬುದು ಬಾಯಿಪಾಠ.

ಮೆಲುದನಿ ಸಾರ್ ನಿವೃತ್ತರಾಗಿ ಎರಡು ವರ್ಷ ಕಳೆದಿತ್ತು, ಸರ್ವರ್ ಕೋಣೆ ಈಗ ಅವಳ ಕೈಯಲ್ಲಿತ್ತು. ಒಂದು ಬೆಳಿಗ್ಗೆ ಹತ್ತೂವರೆಗೆ ಅವಳು ಕೋಣೆಯ ಬಾಗಿಲು ತೆರೆದರೆ ಫ್ಯಾನುಗಳ ಮೊರೆತದ ನಡುವೆ ಟಪ್ ಟಪ್ ಎಂಬ ಸದ್ದು. ಮೇಲಿನ ಅಂತಸ್ತಿನ ಕೊಳವೆ ಒಡೆದು, ಸೂರಿನ ಹಲಗೆ ಬಸಿರಿಯ ಹೊಟ್ಟೆಯಂತೆ ಉಬ್ಬಿ, ಮೊದಲನೇ ಪೆಟ್ಟಿಗೆಯ ಪಕ್ಕ ನೀರು ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಏಣಿ ಹತ್ತಿ ನೋಡಿ, ಹಲಗೆ ಹೆಚ್ಚೆಂದರೆ ಒಂದು ಗಂಟೆ ತಡೆಯಬಹುದು, ಆಮೇಲೆ ನನ್ನ ಕೈಯಲ್ಲಿಲ್ಲ ಎಂದ.

ರಸ್ತೆಯಾಚೆಯ ಹೊಸ ಕಟ್ಟಡದಲ್ಲಿ ಇನ್ನೂ ಮೂರು ಪೆಟ್ಟಿಗೆಗಳಿದ್ದವು. ಎಲ್ಲ ಯಂತ್ರಗಳ ಡಿಸ್ಕೂ ಅಲ್ಲೇ ಇತ್ತು, ಪುಣ್ಯಕ್ಕೆ. ಓಡುತ್ತಿರುವ ನೆನಪನ್ನಷ್ಟೇ ದಾಟಿಸಿದರೆ ಸಾಕು. ಆದರೆ ಆ ಮೂರು ಹೊರಬಲ್ಲದ್ದು ನಲವತ್ತು, ದಾಟಬೇಕಾದವು ಅರವತ್ತೆರಡು. ಇಪ್ಪತ್ತೆರಡನ್ನು ಮಲಗಿಸಬೇಕು. ಮೇಲೆ ಎರಡು ಥಿಯೇಟರುಗಳಲ್ಲಿ ಆಪರೇಷನ್ ನಡೆಯುತ್ತಿತ್ತು.

ಅವಳು ನೋಟ್‌ಬುಕ್ ಬಿಚ್ಚಿ ಫೋನ್ ಎತ್ತಿಕೊಂಡಳು. ತರಬೇತಿ ವಿಭಾಗ, ಗ್ರಂಥಾಲಯ, ಹಳೆಯ ದಾಖಲೆಗಳ ಕೋಣೆ, ಪರೀಕ್ಷೆಗೆಂದು ಇಟ್ಟ ಯಂತ್ರಗಳವರು, ಎಲ್ಲರಿಗೂ ಒಂದೇ ಮಾತು: ನಿಮ್ಮದನ್ನು ಸದ್ಯಕ್ಕೆ ನಿಲ್ಲಿಸುತ್ತೇನೆ, ತೆರೆದಿದ್ದನ್ನು ಉಳಿಸಿಕೊಳ್ಳಿ. ಬೇರೆ ಯಾರಾದರೂ ಹೇಳಿದ್ದರೆ ಲಿಖಿತವಾಗಿ ಕೊಡಿ, ಮೇಲಿನವರನ್ನು ಕೇಳಿ ಎಂದು ಎಳೆದಾಡುತ್ತಿದ್ದರೇನೋ. ಆ ದನಿಗೆ ಯಾರೂ ಇಲ್ಲವೆನ್ನಲಿಲ್ಲ. ಹದಿನೈದು ನಿಮಿಷದಲ್ಲಿ ಇಪ್ಪತ್ತೆರಡೂ ಮಲಗಿದವು.

ಉಳಿದವನ್ನು ಎರಡೆರಡಾಗಿ ಹೊರಡಿಸಿದಳು. ಎಲ್ಲರಿಗೂ ದಾರಿ ತೋರುವ ಹೆಸರುಪಟ್ಟಿಯ ಯಂತ್ರ ಮೊದಲು, ಆಮೇಲೆ ರೋಗಿಗಳ ದಾಖಲೆ, ಔಷಧದ ಕೋಣೆ, ರಕ್ತನಿಧಿ. ಒಂದೊಂದಕ್ಕೂ ಒಂದೆರಡು ನಿಮಿಷ. ಪರದೆಯ ಮೇಲೆ ಹಸಿರು ಗೆರೆ ತುಂಬುತ್ತಿತ್ತು, ಹೆಸರು ಒಂದು ಪಟ್ಟಿಯಿಂದ ಮಾಯವಾಗಿ ಇನ್ನೊಂದರಲ್ಲಿ ಮೂಡುತ್ತಿತ್ತು. ಕಿಟಕಿಯಾಚೆ ರಸ್ತೆಯಲ್ಲಿ ಬಸ್ಸುಗಳು, ಸೈಕಲ್ಲುಗಳು, ಹೂಗುಚ್ಛ ಹಿಡಿದು ಬರುವ ನೆಂಟರು. ಅವರೆಲ್ಲರ ಕಾಲಡಿಯ ಒಂದು ತಂತಿಯಲ್ಲಿ ಆಸ್ಪತ್ರೆ ತನ್ನ ತಲೆಯನ್ನೇ ಹೊತ್ತು ದಾಟುತ್ತಿತ್ತು.

ಕೊನೆಗೆ ಒಂದು ಉಳಿಯಿತು. ಆಪರೇಷನ್ ಥಿಯೇಟರುಗಳಿಂದ ನಾಡಿ, ಉಸಿರು, ರಕ್ತದೊತ್ತಡ, ಕ್ಯಾಮೆರಾದ ಚಿತ್ರ ಎಲ್ಲವನ್ನೂ ಕ್ಷಣಕ್ಷಣಕ್ಕೂ ಬರೆದಿಟ್ಟುಕೊಳ್ಳುವ ಯಂತ್ರ. ಹಸಿರು ಗೆರೆ ಶೇಕಡ ತೊಂಬತ್ತಕ್ಕೆ ಏರುತ್ತದೆ, ಮತ್ತೆ ಎಪ್ಪತ್ತಕ್ಕೆ ಇಳಿಯುತ್ತದೆ. ಅವಳಿಗೆ ಕಾರಣ ಹೊಳೆಯಿತು: ನೆನಪನ್ನು ಆಚೆ ನಕಲು ಮಾಡುವಷ್ಟರಲ್ಲಿ ಈಚೆ ಹೊಸದು ಬರೆದಾಗುತ್ತಿದೆ. ಆರಿಸಿ ಆಚೆ ಎಬ್ಬಿಸಬಹುದು, ಆದರೆ ನಾಲ್ಕು ನಿಮಿಷ ಕುರುಡಾಗುತ್ತದೆ. ಸೂರಿನಿಂದ ನೀರು ಈಗ ಎಳೆಯಾಗಿ ಇಳಿಯುತ್ತಿತ್ತು.

ಥಿಯೇಟರಿನ ಹೆಡ್ ನರ್ಸಿಗೆ ಫೋನ್ ಮಾಡಿದಳು.

"ಸಿಸ್ಟರ್, ಖಾಲಿ ಇರೋ ಥಿಯೇಟರಲ್ಲಿ ಏನಾದ್ರೂ ಆನ್ ಇದೆಯಾ?"

"ಇನ್ನೆರಡು ಥಿಯೇಟರಲ್ಲಿ ಯಾರೂ ಇಲ್ಲ. ಮಾನಿಟರ್, ಕ್ಯಾಮೆರಾ ಮಾತ್ರ ಓಡ್ತಾ ಇವೆ. ಯಾಕಕ್ಕ?"

"ಅವನ್ನೆಲ್ಲ ಆರಿಸ್ತೀರಾ? ಬರೆಯೋದು ಕಡಿಮೆಯಾದ್ರೆ ಯಂತ್ರ ದಾಟುತ್ತೆ. ಆಪರೇಷನ್ ನಡೀತಿರೋ ಕಡೆ ಏನೂ ಮುಟ್ಬೇಡಿ. ಫೋನ್ ಹಿಡ್ಕೊಂಡೇ ಇರಿ."

ಆಚೆ ಹೆಜ್ಜೆ ಸದ್ದು, ಬಾಗಿಲ ಸದ್ದು. ಗೆರೆ ಎಂಬತ್ತಕ್ಕೆ ಬಂತು. ತೊಂಬತ್ತು. ತೊಂಬತ್ತಾರರಲ್ಲಿ ನಿಂತಿತು. ಆಮೇಲೆ ಹೆಸರು ಈ ಪಟ್ಟಿಯಿಂದ ಮರೆಯಾಗಿ ಆ ಪಟ್ಟಿಯಲ್ಲಿ ಮೂಡಿತು.

"ಆರಿಸಿದೀನಿ ಅಕ್ಕ. ಇನ್ನು ನೀವು ಯಾವಾಗ ಶುರು ಮಾಡ್ತೀರಿ?" ಎಂದಳು ನರ್ಸ್.

"ಮುಗೀತು ಸಿಸ್ಟರ್."

ನರ್ಸ್ ತಗ್ಗಿದ ದನಿಯಲ್ಲಿ, ಆರಿಸಿ ಬಂದಾಗಿನಿಂದ ತಾನು ಗಾಜಿನಾಚೆ ಆಪರೇಷನ್ ನಡೆಯುತ್ತಿದ್ದ ಕಡೆಯ ಮಾನಿಟರನ್ನೇ ನೋಡುತ್ತಿದ್ದೆ, ನಾಡಿಯ ಗೆರೆ ಒಂದು ಎಳೆಯಷ್ಟೂ ತಪ್ಪಲಿಲ್ಲ ಎಂದಳು.

ಟೆಲಿಫೋನಕ್ಕ ಐದೂ ಪೆಟ್ಟಿಗೆಗಳ ಕರೆಂಟು ತೆಗೆದು ಹೊರಗೆ ಬಂದಳು. ಮೊರೆತ ನಿಂತ ಕೋಣೆಯಲ್ಲಿ ನೀರಿನ ಸದ್ದೊಂದೇ ಉಳಿಯಿತು. ಸ್ವಲ್ಪ ಹೊತ್ತಿಗೆ ಸೂರು ಕಳಚಿ ಬಿತ್ತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮರುದಿನ ಲ್ಯಾಬಿನವರು ಬಂದು, ರಕ್ತ ತೆಗೆಯುವುದಕ್ಕೆ ನಾಲ್ಕು ನಿಮಿಷ ಮೊದಲೇ ರಿಪೋರ್ಟ್ ಬಂದಿದೆ ಎಂದು ಕಾಗದ ತೋರಿಸಿದರು. ಅವಳು ದಿನವಿಡೀ ಒಂದೊಂದೇ ಯಂತ್ರದ ಗಡಿಯಾರ ಸರಿಪಡಿಸಿದಳು; ಸ್ವಲ್ಪ ಹೊತ್ತಿಗೆ ಕೆಲವು ಮತ್ತೆ ಹಿಂದೆ ಬಿದ್ದವು. ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದಳು. ಮಾವ ಕಿಟಕಿಯ ಬಳಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚುತ್ತಿದ್ದರು. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ಅಂಗಡಿ ಮುಚ್ಚಿದ್ದರೂ ಕೈ ಸುಮ್ಮನಿರದು. ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವರು ಚಿಮ್ಮಟ ಕೆಳಗಿಟ್ಟರು.

"ಹೊಸ ಮನೆಗೆ ಹೋದ ಮೇಲೆ ಅವಕ್ಕೆ ಟೈಮ್ ಹೇಳೋರು ಯಾರಮ್ಮ?"

ಅವಳಿಗೆ ತಟ್ಟನೆ ಹೊಳೆಯಿತು. ದಾಟಿ ಬಂದ ಯಂತ್ರಗಳಲ್ಲಿ ಕೆಲವು ತಾವಿಳಿದ ಪೆಟ್ಟಿಗೆಯ ಗಡಿಯಾರವನ್ನೇ ಕೇಳುತ್ತಿದ್ದವು. ಮರುದಿನ ಹೋಗಿ ನೋಡಿದರೆ ಹೊಸ ಕಟ್ಟಡದ ಒಂದು ಪೆಟ್ಟಿಗೆ ಅರ್ಧ ಗಂಟೆ ಹಿಂದಿತ್ತು. ಅತಿಥಿಗಳನ್ನೆಲ್ಲ ತಿದ್ದಿದವಳು ಯಜಮಾನನನ್ನೇ ಮರೆತಿದ್ದಳು. ಎಲ್ಲರೂ ಒಂದೇ ಕಡೆ ವೇಳೆ ಕೇಳುವಂತೆ ಮಾಡಿದಳು, ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದಳು, ಲ್ಯಾಬಿನವರೊಂದಿಗೆ ಕೂತು ಆ ಎರಡು ದಿನದ ರಿಪೋರ್ಟುಗಳನ್ನೆಲ್ಲ ತಿದ್ದಿಸಿದಳು.

ಆ ವಾರ ಮಾವ ತಾವೂ ಒಮ್ಮೆ ನೋಡಬೇಕೆಂದರು. ಅನುಮತಿ ಪಡೆದು ಮಧ್ಯಾಹ್ನ ಹೊಸ ಕಟ್ಟಡಕ್ಕೆ ಕರೆದುಕೊಂಡು ಹೋದಳು. ಥಿಯೇಟರಿನ ಯಂತ್ರ ಯಾವುದು ಎಂದು ಅವರು ಕೇಳಿದರು. ಈಗ ಮೂರನೆಯದರಲ್ಲಿದೆ, ನಾಳೆ ಮೊದಲನೆಯದರಲ್ಲಿ ಇರಬಹುದು ಎಂದಳು. ಅವರು ಶಾಲು ಬಿಗಿಯಾಗಿ ಹೊದ್ದು ಆ ಮೂರು ಪೆಟ್ಟಿಗೆಗಳ ಮುಂದೆ ಬಗ್ಗಿ, ಬಹಳ ಹೊತ್ತು ಕಿವಿಗೊಟ್ಟು ನಿಂತರು.

"ನಾನು ಮುಚ್ಚಳ ತೆಗೆಯದೆ ಒಂದು ಗಡಿಯಾರಾನೂ ನಂಬಿದವನಲ್ಲ," ಎಂದರು ಮೆಲ್ಲಗೆ. "ಇದಕ್ಕೆ ಮುಚ್ಚಳಾನೇ ಇಲ್ವಲ್ಲಮ್ಮ."

ಅವಳು ಗಾಜಿನ ಬಾಗಿಲಾಚೆ ಒಂದು ಕುರ್ಚಿ ಹಾಕಿಕೊಟ್ಟು, ಮಲಗಿಸಿದ್ದರಲ್ಲಿ ಉಳಿದ ಯಂತ್ರಗಳನ್ನು ನೀರು ತಾಗದೆ ಉಳಿದ ಹಳೆಯ ಪೆಟ್ಟಿಗೆಗಳಲ್ಲಿ ಎಬ್ಬಿಸಲು ಹೋದಳು. ಗ್ರಂಥಾಲಯದ್ದು ತಕರಾರು ಮಾಡಿ ಒಂದು ಗಂಟೆ ತಿಂದಿತು. ಮಾವನನ್ನು ಕೂರಿಸಿದ್ದು ನೆನಪಾಗಿ ಓಡಿ ಬಂದರೆ ಅವರು ಅಲ್ಲೇ, ಕೈ ಕಟ್ಟಿಕೊಂಡು, ಮಿಣುಕುವ ಹಸಿರು ದೀಪಗಳನ್ನು ನೋಡುತ್ತ ಕೂತಿದ್ದರು. ಹೋಗೋಣವೇ ಎಂದು ಕೇಳಿದಳು. ಇನ್ನೊಂದು ಸ್ವಲ್ಪ ಹೊತ್ತು ಎಂದರು.