ಚಿಲಕವಿಲ್ಲದ ಊರು

ಮಕ್ಕಳೇ, ಕಳೆದ ವಾರ ಪುಟ್ಟಿಗೆ ನೆಗಡಿಯಾಗಿತ್ತು. ನಿಮ್ಮಮ್ಮ ನೀಲಗಿರಿ ಎಣ್ಣೆಯ ಸೀಸೆ ತೆರೆದಳು. ಆ ಘಾಟು ಮೂಗಿಗೆ ತಗಲಿದ್ದೇ ನಾನು ಎದ್ದು ಹೋಗಿ ಮುಂಬಾಗಿಲು ಹಾಕಿದೆಯೇ ಎಂದು ನೋಡಿ ಬಂದೆ. “ಇಟ್ಸ್ ಲಾಕ್ಡ್, ಅಜ್ಜಿ” ಎಂದಳು ಪುಟ್ಟಿ. ಯಾಕೆ ನೋಡಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು, ನಿಮ್ಮಪ್ಪ ಓದಿ ಹೇಳಲಿ. ಅವನಿಗೂ ತಿಳಿಯಲಿ.

ನಾವು ಊರು ಬಿಟ್ಟು ಈ ದೇಶದ ನಾರ್ತ್‌ವಿಲ್‌ಗೆ ಬಂದಾಗ ಎದುರು ಮನೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ಮೈಸೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಹೇಳಿಕೊಟ್ಟವರು. ಮಗಳ ಜೊತೆ ಇದ್ದರು. ಮಫ್ಲರಿಗೆ ಸದಾ ನೀಲಗಿರಿ ಎಣ್ಣೆ ಹಚ್ಚಿಕೊಂಡಿರುತ್ತಿದ್ದರು. ಅವರಿಗೆ ಮರೆವು ಶುರುವಾಗಿತ್ತು. ಮಗಳಿಗೆ ಆಸ್ಪತ್ರೆಯಲ್ಲಿ ಕೆಲಸ. ದಿನಾ ಮಧ್ಯಾಹ್ನ ಮೂರು ತಾಸು ಅಪ್ಪನ ಜೊತೆ ಕೂತಿರಿ ಆಂಟಿ ಎಂದು ನನ್ನನ್ನು ಕೇಳಿದಳು. ನೀವಿಬ್ಬರೂ ಶಾಲೆಗೆ ಹೋಗಿರುತ್ತಿದ್ದಿರಿ, ನನಗೂ ಬೇರೆ ಕೆಲಸವಿರಲಿಲ್ಲ. ಅವಳು ಮುಂಬಾಗಿಲ ಮೇಲ್ತುದಿಗೆ ಒಂದು ಚಿಲಕ ಹಾಕಿಸಿದ್ದಳು. ನಾನು ಬಂದ ಮೇಲೆ ಅದನ್ನು ಒಳಗಿನಿಂದ ಹಾಕಿ, ಗರಾಜಿನ ಬಾಗಿಲಿನಿಂದ ಹೊರಡುತ್ತಿದ್ದಳು.

ಆರನೇ ಕ್ಲಾಸು ಓದಿದ ನನಗೆ ಮೇಷ್ಟ್ರು ಪಾಠ ಹೇಳುತ್ತಿದ್ದರು. ಯುರೋಪಿನಲ್ಲಿ ನಾಲ್ಕೈದು ನೂರು ವರ್ಷದ ಹಿಂದೆ, ತಮ್ಮ ರಾಜರನ್ನು ನೋಡಿ ಬೇಸತ್ತ ಕೆಲವು ಪಂಡಿತರು ಮನಸ್ಸಿನಲ್ಲೇ ಊರು ಕಟ್ಟಿದರಂತೆ. ಒಂದು ಊರಿನಲ್ಲಿ ದಿನಕ್ಕೆ ಆರೇ ಗಂಟೆ ದುಡಿಮೆ. ಅಲ್ಲಿ ಮನೆಗಳಿಗೆ ಬೀಗವಿಲ್ಲ, ತಳ್ಳಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಇನ್ನೊಂದು ಊರಿನ ಗೋಡೆಗಳ ಮೇಲೆಲ್ಲ ಪಾಠ ಚಿತ್ರಿಸಿದೆ, ಮಕ್ಕಳು ಓಡಾಡುತ್ತಲೇ ಕಲಿಯುತ್ತಾರೆ. ನಾನು ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ. ಒಮ್ಮೆ ಮಾತ್ರ ಧೈರ್ಯ ಮಾಡಿ ಕೇಳಿದೆ.

“ಅಲ್ಲಿ ಮುಸುರೆ ತಿಕ್ಕೋರು ಯಾರು ಮೇಷ್ಟ್ರೇ?”

“ಮೂವತ್ತು ವರ್ಷದಲ್ಲಿ ಒಬ್ಬ ಹುಡುಗಾನೂ ಇದನ್ನ ಕೇಳ್ಲಿಲ್ಲ ತಾಯಿ. ಗುಲಾಮರನ್ನ ಇಟ್ಕೊಂಡಿದ್ರು. ಅಲ್ಲೇ ನೋಡಿ, ಆ ಊರು ಕೆಟ್ಟಿದ್ದು.”

ಆ ಊರುಗಳು ಈಗ ಎಲ್ಲಿವೆ ಎಂದೆ. ಎಲ್ಲೂ ಇಲ್ಲ, ಬರೆದವರಿಗೂ ಅದು ಗೊತ್ತಿತ್ತು ಎಂದರು. ಇರುವ ಊರಿನ ಕೊಳಕು ಕಾಣಲಿ ಎಂದೇ ಇಲ್ಲದ ಊರನ್ನು ಬರೆದರಂತೆ.

ಆದರೆ ಚಳಿಗಾಲ ಬರುವ ಹೊತ್ತಿಗೆ ಅವರೇ ಅದನ್ನು ಮರೆತರು... ‘ಆ ಊರು’ ಎನ್ನುತ್ತಿದ್ದವರು ‘ನಮ್ಮೂರು’ ಎನ್ನತೊಡಗಿದರು. “ಇಷ್ಟು ನೀರು ಕಾಫಿ ಕೊಟ್ರೆ ನಮ್ಮೂರಲ್ಲಿ ಗಡೀಪಾರು ಮಾಡ್ತಾರೆ ತಾಯಿ” ಎಂದು ನಗುತ್ತಿದ್ದರು. ಹಾಸ್ಯವೆಂದು ನಾನೂ ನಗುತ್ತಿದ್ದೆ.

ಜನವರಿಯ ಒಂದು ಮಧ್ಯಾಹ್ನ. ಹೊರಗೆ ಇಲ್ಲಿನ ಲೆಕ್ಕದಲ್ಲಿ ಹತ್ತು ಡಿಗ್ರಿ, ನೀರು ಕಲ್ಲಾಗುವ ಚಳಿ. ಮೇಷ್ಟ್ರು ಬಾಗಿಲ ಮುಂದೆ ನಿಂತು ಚಿಲಕ ನೋಡಿದರು. ಅವರ ಕೈಗೆ ಅದು ಎಟುಕುತ್ತಿರಲಿಲ್ಲ. “ಇದನ್ನ ಹಾಕಿದ್ಯಾರು? ನಮ್ಮೂರಲ್ಲಿ ಚಿಲಕ ಇಲ್ಲ. ತೆಗೀರಿ.”

ದನಿ ಏರಿಸಿರಲಿಲ್ಲ. ಕ್ಲಾಸಿನಲ್ಲಿ ಹೇಳುವಂತೆ ಹೇಳಿದರು. ನಾನು ಓದಿದ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದಕ್ಕೆ ಇಲ್ಲ ಎಂದವರನ್ನು ನಾನು ಕಂಡಿಲ್ಲ. ನನ್ನ ನಾಲಿಗೆಗೆ ಆ ಮಾತು ಅಭ್ಯಾಸವೇ ಆಗಿರಲಿಲ್ಲ. ಸ್ಟೂಲು ತಂದು, ಹತ್ತಿ, ಚಿಲಕ ತೆಗೆದೆ. ಅವರು ತಲೆಯಾಡಿಸಿ ಕುರ್ಚಿಗೆ ಹೋಗಿ ಕುಳಿತರು. ಅಷ್ಟಕ್ಕೇ ಸಮಾಧಾನವಾಯಿತು, ಆಮೇಲೆ ಹಾಕಿದರಾಯಿತು ಎಂದುಕೊಂಡು ಕಾಫಿ ಮಾಡಲು ಒಳಗೆ ಹೋದೆ.

ಲೋಟ ಹಿಡಿದು ಬಂದಾಗ ಕುರ್ಚಿ ಖಾಲಿಯಿತ್ತು. ಬಾಗಿಲಿನಿಂದ ಹಿಮ ಒಳಗೆ ಬರುತ್ತಿತ್ತು.

ಒಂದು ತಾಸಾದ ಮೇಲೆ ಪೊಲೀಸರು ಅವರನ್ನು ನಮ್ಮ ಬಡಾವಣೆಯ ಹಿಂದಿನ ಕೊಳದ ಬಳಿ ಕಂಡರು. ಮೈಮೇಲೆ ಕೋಟಿರಲಿಲ್ಲ. ಜೀವ ಉಳಿಯಿತು, ಆದರೆ ಮನೆಗೆ ಮರಳಲಿಲ್ಲ. ನಂಬರು ಒತ್ತಿದರೆ ಮಾತ್ರ ಬಾಗಿಲು ತೆರೆಯುವ ಒಂದು ಆರೈಕೆ ಮನೆಯಲ್ಲಿಟ್ಟರು. ಹಿಮ ಕರಗುವ ಮೊದಲೇ ತೀರಿಕೊಂಡರು.

ಮಗಳು ನನ್ನ ಕೈ ಹಿಡಿದು ಅತ್ತಳು. “ಅವತ್ತು ಅರ್ಜೆಂಟಲ್ಲಿ ನಾನೇ ಚಿಲಕ ಹಾಕದೆ ಹೋಗ್ಬಿಟ್ಟೆ ಅನ್ಸುತ್ತೆ ಆಂಟಿ. ನೀವು ಬೇಜಾರು ಮಾಡ್ಕೋಬೇಡಿ.”

ನಾನು ನೆಲ ನೋಡಿದೆ. ನಿಮ್ಮಜ್ಜಿ ಸಂಕೋಚದವಳು ಎಂದು ಎಲ್ಲರೂ ಹೇಳುತ್ತಾರಲ್ಲ, ಆ ಸಂಕೋಚದ ಹಿಂದೆ ಅಡಗಿ ಕುಳಿತೆ. ಅವಳು ಮನೆ ಮಾರಿ ಶಿಕಾಗೊ ಕಡೆ ಲೊಂಬಾರ್ಡ್‌ಗೆ ಹೋದಳು. ಐದು ವರ್ಷವಾಯಿತು. ಪ್ರತಿ ಯುಗಾದಿಗೆ ಫೋನ್ ಮಾಡುತ್ತಾಳೆ, ಪ್ರತಿ ಸಲವೂ ಆ ಚಿಲಕದ ಮಾತು ಬರುತ್ತದೆ. ನನಗೋ, ಬಾಗಿಲು ಹಾಕಲು ಕೈ ಎತ್ತಿದಾಗಲೆಲ್ಲ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಗುತ್ತದೆ... ತಿರುಗಿ ನೋಡುವುದಿಲ್ಲ.

ನಿನ್ನೆ ನಾನೇ ಫೋನ್ ಮಾಡಿದೆ. ಸ್ಟೂಲು ಹಾಕಿಕೊಂಡು ಹತ್ತಿದ್ದು ನಾನು ಎಂದು ಹೇಳಿದೆ. ಬೈಯಲಿ ಎಂದು ಕಾದೆ.

“ಹೊರಗೆ ಹೋಗ್ತಾ ಅಪ್ಪ ಏನಾದ್ರೂ ಅಂದ್ರಾ ಆಂಟಿ? ನನ್ನ ಹೆಸರೇನಾದ್ರೂ ಹೇಳಿದ್ರಾ?”

ಹೇಳಿದರು ಎನ್ನಬಹುದಿತ್ತು. ಅವಳಿಗೆ ಅಷ್ಟು ಸಾಕಿತ್ತು. ಆದರೆ ಇನ್ನೊಂದು ಸುಳ್ಳು ನನ್ನಿಂದ ಆಗಲಿಲ್ಲ.

“ನಾನು ಒಳಗಿದ್ದೆ ಕಣಮ್ಮ” ಎಂದೆ. “ನನಗೇನೂ ಕೇಳಿಸ್ಲಿಲ್ಲ.”